ಬೀದರಿನ ಮದರಸಾ: ಕಟ್ಟಿದವರು ಯಾರು, ಕಾಯಬೇಕಾದವರು ಯಾರು?

ಪವಿತ್ರ ಕುರ್‌ಆನಿನ ಪ್ರಥಮ ದಿವ್ಯವಾಣಿ ಆರಂಭವಾಗುವುದೇ 'ಇಕ್ರಾ', ಅಂದರೆ 'ಓದು' ಎಂಬ ಆಜ್ಞೆಯಿಂದ. ಓದಿಗೆ ಇಷ್ಟು ದೊಡ್ಡ ಸ್ಥಾನ ಕೊಟ್ಟ ಸಮುದಾಯ ತಾನು ಹೋದ ಊರುಗಳಲ್ಲೆಲ್ಲ ಮಸೀದಿಯ ಜೊತೆಗೆ ಮಕ್ತಬವನ್ನೂ ಮದರಸಾವನ್ನೂ ಕಟ್ಟುತ್ತ ಬಂದಿತು. ಅವುಗಳಲ್ಲಿ ಕೆಲವು ಇಂದಿಗೂ ಮಕ್ಕಳ ದನಿಯಿಂದ ತುಂಬಿವೆ. ಕೆಲವು ಪ್ರವಾಸಿಗರು ಫೋಟೋ ತೆಗೆದುಕೊಳ್ಳುವ ಸ್ಮಾರಕಗಳಾಗಿವೆ. ಇನ್ನು ಕೆಲವಕ್ಕೆ ಗುರುತು ಕೂಡ ಉಳಿದಿಲ್ಲ. ಈ ವ್ಯತ್ಯಾಸ ಏಕೆ ಎಂದು ನಾವು ಕೇಳಿಕೊಳ್ಳಬೇಕಾದ ಕಾಲ ಬಂದಿದೆ.

ನಮ್ಮ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ಹಳೆಯ ಮೊಹಲ್ಲಾಗಳಲ್ಲಿ ಮಕ್ಕಳಿಗೊಂದು ಅಭ್ಯಾಸ ಕೇಂದ್ರ, ಒಂದು ವಾಚನಾಲಯ ಬೇಕೆಂಬ ಮಾತು ಬಂದಾಗಲೆಲ್ಲ ಮೊದಲ ಪ್ರಶ್ನೆ 'ಜಾಗ ಎಲ್ಲಿದೆ?' ಎಂಬುದು, ಎರಡನೆಯದು 'ಹಣ ಎಲ್ಲಿದೆ?' ಎಂಬುದು. ಕಟ್ಟಡ ಎದ್ದ ಮೇಲೆ ಇಪ್ಪತ್ತು, ಮೂವತ್ತು ವರ್ಷ ಅದರ ಬಾಗಿಲನ್ನು ದಿನವೂ ತೆಗೆಯುವವರು ಯಾರು ಎಂಬ ಮೂರನೆಯ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳುವುದೇ ಇಲ್ಲ. ಈ ಮೂರನೆಯ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮ ರಾಜ್ಯದಲ್ಲಿಯೇ, ಬೀದರ ನಗರದ ಹಳೆಯ ಪೇಟೆಯ ನಡುವೆ, ಐದೂವರೆ ಶತಮಾನಗಳಿಂದ ನಿಂತಿರುವ ಖ್ವಾಜಾ ಮಹಮೂದ್ ಗವಾನರ ಮದರಸಾದ ಚರಿತ್ರೆ ಬಹಳ ಉಪಯುಕ್ತವಾಗಿದೆ.

ಗಿಲಾನಿನಿಂದ ಬೀದರಿಗೆ

ಮಹಮೂದ್ ಗವಾನರು ಹುಟ್ಟಿದ್ದು ಕ್ರಿ.ಶ. 1411 ರಲ್ಲಿ, ಪರ್ಶಿಯಾದ ಗಿಲಾನ್ ಪ್ರಾಂತದಲ್ಲಿ. ವೃತ್ತಿಯಿಂದ ಅವರು ವ್ಯಾಪಾರಿ, ಪ್ರವೃತ್ತಿಯಿಂದ ವಿದ್ವಾಂಸ. 1453 ರಲ್ಲಿ ಸರಕಿನೊಂದಿಗೆ ಕೊಂಕಣದ ದಾಬೋಲ ಬಂದರಿಗೆ ಬಂದಿಳಿದಾಗ ಅವರಿಗೆ ನಲವತ್ತು ದಾಟಿತ್ತು. ಅಲ್ಲಿಂದ ಬಹಮನಿ ರಾಜಧಾನಿಯಾದ ಬೀದರಿಗೆ ಬಂದರು. ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ ಅವರ ಯೋಗ್ಯತೆಯನ್ನು ಗುರುತಿಸಿ ಆಸ್ಥಾನದಲ್ಲಿ ಇರಿಸಿಕೊಂಡನು. ಮುಂದೆ ಹುಮಾಯೂನ್, ನಿಜಾಮ್ ಶಾಹ ಮತ್ತು ಮೂರನೆಯ ಮುಹಮ್ಮದ್ ಶಾಹರ ಕಾಲದಲ್ಲಿ ಅವರು ಹಂತಹಂತವಾಗಿ ಮೇಲೇರಿ ರಾಜ್ಯದ ಪ್ರಧಾನಮಂತ್ರಿಯಾದರು.

ಆಡಳಿತದಲ್ಲಿ ಅವರು ಮಾಡಿದ ಸುಧಾರಣೆಗಳು ಶಾಲಾ ಪಠ್ಯಪುಸ್ತಕಗಳಲ್ಲಿಯೂ ಬಂದಿವೆ. ನಾಲ್ಕು ತರಫಗಳಾಗಿದ್ದ ರಾಜ್ಯವನ್ನು ಎಂಟು ಭಾಗ ಮಾಡಿದರು. ಪ್ರತಿ ತರಫದಾರನ ಕೈಯಲ್ಲಿ ಒಂದೇ ಕೋಟೆ ಇರಬೇಕು, ಉಳಿದವು ನೇರವಾಗಿ ಸುಲ್ತಾನನ ಅಧೀನದಲ್ಲಿರಬೇಕು ಎಂದು ಕಟ್ಟು ಮಾಡಿದರು. ಜಮೀನು ಅಳತೆ ಮಾಡಿಸಿ ಕಂದಾಯಕ್ಕೆ ಒಂದು ಕ್ರಮ ತಂದರು. ಇದರಿಂದ ರಾಜ್ಯಕ್ಕೆ ಲಾಭವಾಯಿತು, ಆದರೆ ಅಮೀರರ ಅಧಿಕಾರ ಮೊಟಕಾಯಿತು. ಆಸ್ಥಾನದಲ್ಲಿ ಹೊರದೇಶದಿಂದ ಬಂದ ಅಫಾಕಿಗಳು ಮತ್ತು ಇಲ್ಲಿಯವರೇ ಆದ ದಖನಿಗಳ ನಡುವೆ ಮೊದಲೇ ವೈಮನಸ್ಸು ಇತ್ತು. ಗವಾನರು ಎರಡು ಪಕ್ಷಗಳಿಗೂ ಹುದ್ದೆಗಳನ್ನು ಹಂಚಿ ಸಮತೋಲನಕ್ಕೆ ಯತ್ನಿಸಿದರೂ ಹಗೆ ಆರಲಿಲ್ಲ.

ಆ ಕಾಲದ ಬೀದರನ್ನು ಕಣ್ಣಾರೆ ಕಂಡ ರಷ್ಯಾದ ಪ್ರವಾಸಿ ಅಫನಾಸಿ ನಿಕಿತಿನ್, ಅಮೀರರ ಅಪಾರ ವೈಭವವನ್ನೂ ಹಳ್ಳಿಗರ ಕಡುಬಡತನವನ್ನೂ ಒಟ್ಟಿಗೇ ದಾಖಲಿಸಿದ್ದಾನೆ. ಗವಾನರ ಜೀವನಕ್ರಮ ಈ ವೈಭವದಿಂದ ದೂರವಾಗಿತ್ತು. ಚಾಪೆಯ ಮೇಲೆ ಮಲಗುತ್ತಿದ್ದರು, ಮಣ್ಣಿನ ಪಾತ್ರೆಯಲ್ಲಿ ಅವರ ಅಡುಗೆ ಆಗುತ್ತಿತ್ತು, ತಮ್ಮ ಊಟದ ಖರ್ಚನ್ನು ಹಳೆಯ ವ್ಯಾಪಾರದ ಬಂಡವಾಳದಿಂದಲೇ ನಡೆಸುತ್ತಿದ್ದರು ಎಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ.

ಗೋವೆಯ ವಿಜಯ ಮತ್ತು ಪುಸ್ತಕಗಳು

ನಮ್ಮ ಅನಮೋಡ ಘಟ್ಟವನ್ನು ಇಳಿದರೆ ಸಿಗುವುದು ಗೋವೆಯ ಸೀಮೆ. ಈ ಗೋವೆಗೂ ಬೀದರಿನ ಮದರಸಾಕ್ಕೂ ಒಂದು ಸಂಬಂಧವಿದೆ. ವಿಜಯನಗರದ ಅಧೀನದಲ್ಲಿದ್ದ ಗೋವೆಯ ಬಂದರನ್ನು ಕೊಂಕಣದ ದೀರ್ಘ ದಂಡಯಾತ್ರೆಯ ಕೊನೆಗೆ 1472 ರಲ್ಲಿ ಬಹಮನಿ ರಾಜ್ಯಕ್ಕೆ ಸೇರಿಸಿದವರು ಗವಾನರೇ. ಮಳೆ, ಕಾಡು, ಘಟ್ಟದ ಕಡಿದಾದ ದಾರಿಗಳ ನಡುವೆ ವರ್ಷಗಟ್ಟಲೆ ನಡೆದ ಯುದ್ಧ ಅದು. ಈ ಸೀಮೆಯ ಮಳೆಗಾಲವನ್ನು ಬಲ್ಲ ನಮಗೆ ಅದರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗೆದ್ದು ಬಂದ ಮಂತ್ರಿಗೆ ರಾಜಧಾನಿಯಲ್ಲಿ ಭಾರಿ ಮರ್ಯಾದೆ ದೊರೆಯಿತು. ಸುಲ್ತಾನನು ಅವರ ಮನೆಗೇ ಬಂದು ಒಂದು ವಾರ ಉಳಿದನು. ಅವನು ಹೊರಟ ಬಳಿಕ ನಡೆದದ್ದನ್ನು ಫರಿಶ್ತಾ ವಿವರವಾಗಿ ಬರೆಯುತ್ತಾನೆ. ಗವಾನರು ಕೋಣೆಯೊಳಗೆ ಹೋಗಿ ಬೆಲೆಬಾಳುವ ಉಡುಪನ್ನು ಕಳಚಿ ಅತ್ತರು. ನಂತರ ವಿದ್ವಾಂಸರನ್ನೂ ಬಡವರನ್ನೂ ಕರೆಸಿ ತಮ್ಮ ಹಣ, ಒಡವೆ, ವಸ್ತುಗಳನ್ನೆಲ್ಲ ಹಂಚಿಬಿಟ್ಟರು. ಉಳಿದದ್ದು ಆನೆ, ಕುದುರೆ ಮತ್ತು ಪುಸ್ತಕಗಳು ಮಾತ್ರ. ಇವನ್ನೇಕೆ ಉಳಿಸಿಕೊಂಡಿರಿ ಎಂದು ಮಿತ್ರರೊಬ್ಬರು ಕೇಳಿದಾಗ, ಆನೆ ಕುದುರೆಗಳು ಸುಲ್ತಾನನವು, ಪುಸ್ತಕಗಳು ವಿದ್ಯಾರ್ಥಿಗಳವು, ಅವು ತಮ್ಮ ಸ್ವಂತದ್ದಲ್ಲ ಎಂಬ ಅರ್ಥದ ಉತ್ತರ ಕೊಟ್ಟರಂತೆ.

ವಿದ್ಯಾರ್ಥಿಮಿತ್ರರು ಈ ಉತ್ತರವನ್ನು ಗಮನಿಸಬೇಕು. ಆ ಕಾಲದಲ್ಲಿ ಪುಸ್ತಕವೆಂದರೆ ತಿಂಗಳುಗಟ್ಟಲೆ ಕೈಯಿಂದ ನಕಲು ಮಾಡಿಸಿದ ಬೆಲೆಬಾಳುವ ಆಸ್ತಿ. ಅಂಥ ಆಸ್ತಿಯನ್ನು ಓದುವವರ ಹಕ್ಕೆಂದು ತಿಳಿಯುವುದೇ ವಿದ್ಯಾಸಂಸ್ಥೆಯ ನಿಜವಾದ ತಳಪಾಯ. ಕಲ್ಲಿನ ಕೆಲಸ ಆಮೇಲಿನದು.

ಪೇಟೆಯ ನಡುವಿನ ಕಟ್ಟಡ

ಗೋವೆ ಕೈಸೇರಿದ 1472 ರಲ್ಲಿಯೇ ಮದರಸಾದ ಕಟ್ಟಡವೂ ಪೂರ್ಣಗೊಂಡಿತು. ಅದನ್ನು ಕಟ್ಟಿದ ಜಾಗ ಕೋಟೆಯ ಒಳಗಲ್ಲ, ಊರಾಚೆಯ ಬಯಲೂ ಅಲ್ಲ. ನಾಲ್ಕು ಬೀದಿಗಳು ಕೂಡುವ ಚೌಬಾರಾ ಗೋಪುರದಿಂದ ಕೋಟೆಗೆ ಹೋಗುವ ದಾರಿಯಲ್ಲಿ, ಜನ ಓಡಾಡುವ ಪೇಟೆಯ ನಡುವೆ ಅದು ನಿಂತಿದೆ. ಪೇಟೆಗೆ ಬಂದವನಿಗೆ ಅದು ಕಾಣದೆ ಇರಲು ಸಾಧ್ಯವಿರಲಿಲ್ಲ.

ಕಟ್ಟಡದ ಉದ್ದ ಸುಮಾರು 205 ಅಡಿ, ಅಗಲ 180 ಅಡಿ. ನಡುವೆ ಸುಮಾರು 100 ಅಡಿ ಚೌಕದ ಅಂಗಳ. ಅಂಗಳದ ಸುತ್ತ ಮೂರು ಅಂತಸ್ತುಗಳಲ್ಲಿ ಕೊಠಡಿಗಳು. ವಿದ್ಯಾರ್ಥಿಗಳಿಗೆ 36 ಕೊಠಡಿಗಳು, ಅಧ್ಯಾಪಕರ ವಾಸಕ್ಕೆ 6 ವಿಭಾಗಗಳು ಇದ್ದವು. ಅದೇ ಕಟ್ಟಡದಲ್ಲಿ ಮಸೀದಿ, ಪಾಠದ ಸಭಾಂಗಣಗಳು ಮತ್ತು ಗ್ರಂಥಾಲಯ. ಪುಸ್ತಕಗಳ ಸಂಖ್ಯೆ 3000 ಎಂದು ಹೇಳುತ್ತಾರೆ. ಮುಂಭಾಗದ ಎರಡು ಮೂಲೆಗಳಲ್ಲಿ ಮಿನಾರುಗಳಿದ್ದವು. ಈಗ ಉಳಿದಿರುವ ಒಂದರ ಎತ್ತರ ಸುಮಾರು 130 ಅಡಿ. ನೀಲಿ, ಬಿಳಿ, ಹಳದಿ ಬಣ್ಣದ ಹೊಳಪಿನ ಹೆಂಚುಬಿಲ್ಲೆಗಳು ಗೋಡೆಯ ಮೇಲೆ ಇನ್ನೂ ಅಲ್ಲಲ್ಲಿ ಉಳಿದು, ಒಂದು ಕಾಲದಲ್ಲಿ ಇಡೀ ಮುಖಭಾಗ ಹೇಗೆ ಹೊಳೆಯುತ್ತಿತ್ತೆಂಬುದನ್ನು ತಿಳಿಸುತ್ತವೆ. ಸಮರಕಂದ, ಖುರಾಸಾನ ಕಡೆಯ ಮದರಸಾಗಳ ಮಾದರಿ ಇದು. ಇಡೀ ದಖ್ಖನಿನಲ್ಲಿ ಇದಕ್ಕೆ ಜೋಡಿ ಕಟ್ಟಡವಿಲ್ಲ.

ಅಲಂಕಾರಕ್ಕಿಂತ ಮುಖ್ಯವಾದದ್ದು ಅದರ ಒಳಗಿನ ಯೋಜನೆ. ನಡುವಿನ ಅಂಗಳದಿಂದ ಸುತ್ತಲಿನ ಕೊಠಡಿಗಳಿಗೆ ಗಾಳಿ ಬೆಳಕು ಬರುತ್ತವೆ. ದಪ್ಪ ಗೋಡೆಗಳು ಬೀದರಿನ ಬಿಸಿಲನ್ನು ಹೊರಗೇ ತಡೆಯುತ್ತವೆ. ಗುರುಗಳೂ ಶಿಷ್ಯರೂ ಒಂದೇ ಸೂರಿನ ಕೆಳಗೆ ಇದ್ದುದರಿಂದ ಪಾಠ ಗಂಟೆಗೆ ಮುಗಿಯುತ್ತಿರಲಿಲ್ಲ. ದೂರದಿಂದ ಬಂದ ವಿದ್ಯಾರ್ಥಿಗೆ ಊಟ ವಸತಿ ಉಚಿತವಾಗಿತ್ತು. ಧರ್ಮಶಾಸ್ತ್ರದ ಜೊತೆಗೆ ತತ್ವಶಾಸ್ತ್ರ, ಗಣಿತ, ಖಗೋಳಶಾಸ್ತ್ರಗಳ ಪಾಠವೂ ನಡೆಯುತ್ತಿತ್ತು. ಗವಾನರು ಪರ್ಶಿಯಾದ ಮಹಾಕವಿ ಜಾಮಿಯವರಂಥ ವಿದ್ವಾಂಸರೊಂದಿಗೆ ಪತ್ರವ್ಯವಹಾರ ಇಟ್ಟುಕೊಂಡಿದ್ದರು. ಅವರ ಪತ್ರಗಳ ಸಂಗ್ರಹವಾದ 'ರಿಯಾಜುಲ್ ಇನ್ಶಾ' ಇಂದಿಗೂ ಆ ಕಾಲದ ಚರಿತ್ರೆಗೆ ಮುಖ್ಯ ಆಧಾರ.

ನೀರಿನ ವಿಷಯದಲ್ಲೂ ಬೀದರ ನಮಗೆ ಪಾಠ ಹೇಳುತ್ತದೆ. ಆ ಊರು ನಿಂತಿರುವುದು ನಮ್ಮ ಘಟ್ಟದ ಕಡೆ ಕಾಣುವಂಥದೇ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಮೇಲೆ ಬಿದ್ದ ಮಳೆನೀರು ಈ ಕಲ್ಲಿನಲ್ಲಿ ಇಂಗಿ, ಕೆಳಗಿನ ಗಟ್ಟಿ ಕರಿಕಲ್ಲಿನ ಮೇಲೆ ನಿಲ್ಲುತ್ತದೆ. ಆ ನೀರನ್ನು ನೆಲದೊಳಗಿನ ಸುರಂಗಕಾಲುವೆಗಳ ಮೂಲಕ ಹರಿಸಿ ತರುವ 'ಕರೇಜ್' ಪದ್ಧತಿಯನ್ನು ಬಹಮನಿಗಳ ಕಾಲದಲ್ಲಿ ಪರ್ಶಿಯಾದ ಮಾದರಿಯಲ್ಲಿ ಅಲ್ಲಿ ತಂದರು. ನೌಬಾದ್ ಬಳಿಯ ಕರೇಜನ್ನು 2010 ರ ದಶಕದಲ್ಲಿ ಹೂಳೆತ್ತಿದಾಗ ಅದರಲ್ಲಿ ಮತ್ತೆ ನೀರು ಕಾಣಿಸಿತು. ಒಂದು ವ್ಯವಸ್ಥೆ ನೂರಾರು ವರ್ಷ ಬಾಳುವಂತೆ ಯೋಚಿಸಿ ಮಾಡಿದರೂ ಆಗಾಗ ಹೂಳು ತೆಗೆಯುವ ಕೈಗಳು ಬೇಕೇ ಬೇಕು ಎಂಬುದಕ್ಕೆ ಇದೊಂದು ಉದಾಹರಣೆ.

ಒಂದು ಸುಳ್ಳು ಪತ್ರ

ಮದರಸಾ ಪೂರ್ಣಗೊಂಡು ಒಂಬತ್ತು ವರ್ಷವಾಗಿತ್ತು. ಗವಾನರ ವಿರೋಧಿಗಳು ಅವರ ಮುದ್ರೆ ಕಾಯುವವನನ್ನು ಒಳಗೆ ಹಾಕಿಕೊಂಡು, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಒಡಿಶಾದ ದೊರೆಗೆ ದಂಡೆತ್ತಿ ಬರುವಂತೆ ಗವಾನರೇ ಬರೆದಂತೆ ಅದರಲ್ಲಿ ಬರೆದು, ಸುಲ್ತಾನನ ಕೈಗೆ ತಲುಪಿಸಿದರು. ಮದ್ಯದ ಅಮಲಿನಲ್ಲಿದ್ದ ಸುಲ್ತಾನನು ವಿಚಾರಣೆಯಿಲ್ಲದೆ ಮರಣದಂಡನೆ ವಿಧಿಸಿದನು. 1481 ರ ಏಪ್ರಿಲ್ 5 ರಂದು ಕೊಂಡಪಲ್ಲಿಯಲ್ಲಿ ಎಪ್ಪತ್ತರ ಆ ವೃದ್ಧ ಮಂತ್ರಿಯ ವಧೆಯಾಯಿತು. ಅವರ ಗೋರಿ ಬೀದರ ಸಮೀಪದ ಗೋರನಳ್ಳಿಯಲ್ಲಿದೆ.

ಅವರ ಖಜಾನೆಯಲ್ಲಿ ಅಪಾರ ಧನವಿರಬಹುದೆಂದು ಹುಡುಕಿಸಿದ ಸುಲ್ತಾನನಿಗೆ ಸಿಕ್ಕಿದ್ದು ಅತ್ಯಲ್ಪ. ಸತ್ಯ ತಿಳಿದು ಪಶ್ಚಾತ್ತಾಪಪಟ್ಟ ಸುಲ್ತಾನನು ಮರುವರ್ಷವೇ ತೀರಿಕೊಂಡನು. ಬಹಮನಿ ರಾಜ್ಯ ಮುಂದೆ ಬಿಜಾಪುರ, ಅಹಮದನಗರ, ಬೇರಾರ್, ಗೋಲ್ಕೊಂಡ ಮತ್ತು ಬೀದರ ಎಂದು ಐದು ಹೋಳಾಯಿತು. ಒಂದು ಸುಳ್ಳು ಕಾಗದವನ್ನು ಪರಿಶೀಲಿಸದೆ ನಂಬಿದ್ದಕ್ಕೆ ರಾಜ್ಯವೊಂದು ತೆತ್ತ ಬೆಲೆ ಇದು. ಕೇಳಿದ್ದನ್ನೆಲ್ಲ ನಂಬಿ ಮುಂದಕ್ಕೆ ಕಳಿಸುವ ಈ ಮೊಬೈಲ್ ಕಾಲದಲ್ಲಿ ನಮ್ಮ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ನೆನಪಿಡಬೇಕು.

ಪುಸ್ತಕದ ಪಕ್ಕದಲ್ಲಿ ಮದ್ದು

ಸ್ಥಾಪಕರು ಹೋದರೂ ಕಟ್ಟಡ ಉಳಿಯಿತು. ಬರೀದ್ ಶಾಹಿಗಳು ಆಳಿದರು. 1619 ರಲ್ಲಿ ಬೀದರ ಬಿಜಾಪುರಕ್ಕೆ ಸೇರಿತು. 1657 ರಲ್ಲಿ ಔರಂಗಜೇಬನ ನೇತೃತ್ವದ ಮೊಗಲ್ ಸೈನ್ಯ ಅದನ್ನು ಗೆದ್ದಿತು. ಆ ಮೇಲೆ ಮದರಸಾದ ಕೊಠಡಿಗಳಲ್ಲಿ ಕುದುರೆ ಸವಾರರು ಬೀಡುಬಿಟ್ಟರು. ಕೆಲವು ಕೊಠಡಿಗಳಲ್ಲಿ ಮದ್ದುಗುಂಡು ಕೂಡಿಟ್ಟರು. 1696 ರಲ್ಲಿ ಸಿಡಿಲು ಬಡಿದು ಆ ಮದ್ದು ಸ್ಫೋಟಗೊಂಡಿತೆಂದು ಇತಿಹಾಸಕಾರರು ಹೇಳುತ್ತಾರೆ. ಪ್ರವೇಶದ್ವಾರ, ಒಂದು ಮಿನಾರು ಮತ್ತು ಮುಂಭಾಗದ ಬಹುಪಾಲು ನೆಲಸಮವಾಯಿತು. ಆ 3000 ಪುಸ್ತಕಗಳ ಭಂಡಾರ ಅಲ್ಲಿ ಉಳಿಯಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಹೈದರಾಬಾದ್ ನಿಜಾಮರ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಮ್ ಯಜ್ದಾನಿಯವರು ಬೀದರಿನ ಸ್ಮಾರಕಗಳನ್ನು ಅಳತೆ ಸಹಿತ ದಾಖಲಿಸಿದರು. ಅವರ ಬೀದರ ಕುರಿತ ಗ್ರಂಥ 1947 ರಲ್ಲಿ ಪ್ರಕಟವಾಯಿತು. ಈಗ ಕಟ್ಟಡ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಕಲ್ಲು ಸುರಕ್ಷಿತವಾಗಿದೆ, ಪಾಠ ನಿಂತಿದೆ.

ಸಿಡಿಲು ಆಕಸ್ಮಿಕ. ಆದರೆ ವಿದ್ಯಾಲಯದಲ್ಲಿ ಮದ್ದು ತುಂಬಿದ್ದು ಆಕಸ್ಮಿಕವಲ್ಲ. ಅದನ್ನು ತುಂಬುವಾಗ ಬೇಡವೆಂದು ತಡೆಯುವ ಶಕ್ತಿಯುಳ್ಳವರು ಆ ಪೇಟೆಯಲ್ಲಿ ಇರಲಿಲ್ಲ. ನನಗೆ ತೋಚುವ ಕಾರಣ ಇದು: ಮದರಸಾ ಪೇಟೆಯ ನಡುವೆ ಇತ್ತು, ಆದರೆ ಪೇಟೆಯವರದಾಗಿರಲಿಲ್ಲ. ಅದು ಒಬ್ಬ ಮಹಾನ್ ವ್ಯಕ್ತಿಯ ದಾನವಾಗಿ, ಒಂದು ಆಸ್ಥಾನದ ಆಶ್ರಯದಲ್ಲಿ ಬೆಳೆಯಿತು. ಅಲ್ಲಿನ ವಿದ್ಯೆಯ ಭಾಷೆ ಅರಬಿ ಮತ್ತು ಫಾರಸಿ. ಸುತ್ತಲಿನ ಜನ ಮನೆಯಲ್ಲಿ ಆಡುತ್ತಿದ್ದುದು ಕನ್ನಡ, ಮರಾಠಿ, ತೆಲುಗು, ದಖನಿ. ಯಾರ ಮಕ್ಕಳು ಅಲ್ಲಿ ಓದಲಿಲ್ಲವೋ ಅವರಿಗೆ ಅದು ನೋಡಿ ಬೆರಗಾಗುವ ಕಟ್ಟಡವಷ್ಟೇ ಆಗಿತ್ತು. ಗವಾನರ ಉದ್ದೇಶದಲ್ಲಿ ಕೊರತೆಯಿರಲಿಲ್ಲ. ಅವರ ಕಾಲದಲ್ಲಿ ವಿದ್ಯೆಯ ವ್ಯವಸ್ಥೆಯೇ ಹಾಗಿತ್ತು. ಆದರೆ ನಮ್ಮ ಕಾಲಕ್ಕೆ ಆ ನೆಪವಿಲ್ಲ.

ಭಟ್ಕಳದ ಅಂಜುಮನ್

ಇದಕ್ಕೆ ಹೋಲಿಸಿ ನೋಡಲು ನಮ್ಮ ಜಿಲ್ಲೆಯಲ್ಲಿಯೇ ಒಂದು ಸಂಸ್ಥೆಯಿದೆ. ಹಳೆಯ ಬಂದರು ಪಟ್ಟಣವಾದ ಭಟ್ಕಳದಲ್ಲಿ 1919 ರಲ್ಲಿ 'ಅಂಜುಮನ್ ಹಾಮಿ-ಎ-ಮುಸ್ಲಿಮೀನ್' ಸ್ಥಾಪನೆಯಾಯಿತು. ಅದಕ್ಕೆ ಮಂತ್ರಿಯ ಆಶ್ರಯವಿರಲಿಲ್ಲ, ಮಿನಾರಿನ ಕಟ್ಟಡವಿರಲಿಲ್ಲ. ಊರಿನವರೇ ಸದಸ್ಯರು, ಊರಿನ ವ್ಯಾಪಾರಿಗಳದೇ ಚಂದಾ. ಮುಂದೆ ಕೊಲ್ಲಿ ದೇಶಗಳಲ್ಲಿ ದುಡಿಯಲು ಹೋದವರೂ ನೆರವಾದರು. ಶಾಲೆಯಿಂದ ಆರಂಭಿಸಿ ಪದವಿ ಕಾಲೇಜು, ಇಂಜಿನಿಯರಿಂಗ್ ಕಾಲೇಜು, ಹೆಣ್ಣುಮಕ್ಕಳ ಕಾಲೇಜಿನವರೆಗೆ ಅದು ಬೆಳೆದಿದೆ. ಅದರ ಸ್ಥಾಪಕರು ಇಂದು ಯಾರೂ ಇಲ್ಲ, ಆದರೂ ಗಂಟೆ ಹೊಡೆಯುತ್ತಲೇ ಇದೆ. ಒಂದು ಶತಮಾನ ದಾಟಿದ ಈ ಸಂಸ್ಥೆಯ ಗುಟ್ಟೆಂದರೆ ಅದು ಯಾರೊಬ್ಬರ ಕೈಯಲ್ಲಿಯೂ ಇರದೆ ಎಲ್ಲರ ಕೈಯಲ್ಲಿ ಇದ್ದದ್ದು.

ಬೀದರಿನಲ್ಲಿಯೂ ವಿದ್ಯೆಯ ಕಥೆ ಮುಗಿದಿಲ್ಲ. 1989 ರಲ್ಲಿ ಡಾ. ಅಬ್ದುಲ್ ಖದೀರ್ ಅವರು ಒಂದು ಕೊಠಡಿಯಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ಆರಂಭಿಸಿದ ಶಾಹೀನ್ ಸಂಸ್ಥೆ ಇಂದು ವೈದ್ಯಕೀಯ ಪ್ರವೇಶ ಪರೀಕ್ಷೆಯ ತರಬೇತಿಗೆ ದೇಶದಾದ್ಯಂತ ಹೆಸರಾಗಿದೆ. ಮದರಸಾದಲ್ಲಿ ಕುರ್‌ಆನ್ ಕಂಠಪಾಠ ಮಾಡಿದ ಹಾಫಿಜ್ ಮಕ್ಕಳನ್ನು ಮುಖ್ಯವಾಹಿನಿಯ ಶಿಕ್ಷಣಕ್ಕೆ ತರುವ ಕೆಲಸವೂ ಅಲ್ಲಿ ನಡೆದಿದೆ. ಗವಾನರ ಊರಿನಲ್ಲಿ ದೂರದೂರದ ವಿದ್ಯಾರ್ಥಿಗಳು ಮತ್ತೆ ಬಂದು ಇಳಿಯುತ್ತಿದ್ದಾರೆ.

ನಮ್ಮ ಊರುಗಳಿಗೆ ಏನು ಬೇಕು?

2006 ರ ಸಾಚಾರ್ ಸಮಿತಿಯ ವರದಿಯ ಪ್ರಕಾರ 6 ರಿಂದ 14 ವರ್ಷದೊಳಗಿನ ಮುಸ್ಲಿಂ ಮಕ್ಕಳಲ್ಲಿ ನೂರಕ್ಕೆ 25 ಮಕ್ಕಳು ಒಂದೋ ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ, ಇಲ್ಲವೇ ನಡುವೆಯೇ ಬಿಟ್ಟಿದ್ದರು. ಮದರಸಾಗಳಲ್ಲಿ ಮಾತ್ರ ಓದುವವರು ನೂರಕ್ಕೆ ಮೂರು ನಾಲ್ಕು ಮಂದಿ. ಅಂದರೆ ನಮ್ಮ ಬಹುಪಾಲು ಮಕ್ಕಳು ಸಾಮಾನ್ಯ ಶಾಲೆಗಳಲ್ಲೇ ಇದ್ದಾರೆ. ಅವರು ಅಲ್ಲಿ ಉಳಿದು ಮುಂದುವರಿಯಲು ಮನೆಯ ಹತ್ತಿರ ಒಂದು ಆಸರೆ ಬೇಕು. ಅಂಥ ಕೇಂದ್ರಕ್ಕೆ ಮೇಲಿನ ಚರಿತ್ರೆಯಿಂದ ನಾವು ತೆಗೆದುಕೊಳ್ಳಬಹುದಾದ ಪಾಠಗಳು ಐದು.

1. ಜಾಗ: ಗವಾನರಂತೆ ಪೇಟೆಯ ನಡುವೆಯೇ ಇರಲಿ. ಹೆಣ್ಣುಮಗು ಸಂಜೆ ನಡೆದು ಹೋಗಿ ನಡೆದು ಬರುವಷ್ಟು ಹತ್ತಿರವಿರಬೇಕು. ಊರಾಚೆಯ ಒಂದು ಎಕರೆಗಿಂತ ಮೊಹಲ್ಲಾದೊಳಗಿನ ಎರಡು ಕೋಣೆ ಮೇಲು. ಅನಮೋಡದಂಥ ಕಾಡಿನೊಳಗಿನ, ಚದುರಿದ ಮನೆಗಳ ಊರಿಗಾದರೆ ವಾರಕ್ಕೊಮ್ಮೆ ಪುಸ್ತಕದ ಪೆಟ್ಟಿಗೆಯೇ ಮಕ್ಕಳಿದ್ದಲ್ಲಿಗೆ ಹೋಗಬೇಕು.

2. ಕಟ್ಟಡ: ಹಳೆಯ ಗಟ್ಟಿ ಮನೆಯೊಂದು ಸಿಕ್ಕರೆ ಅದನ್ನು ಕೆಡವದೆ ದುರಸ್ತಿ ಮಾಡಿಸೋಣ. ನಮ್ಮ ಕಡೆಯ ಕೆಂಪು ಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ಚಾಚಿದ ಸೂರು, ನಡುವಿನ ಅಂಗಳ ಇವೆಲ್ಲ ಇಲ್ಲಿಯ ಮಳೆಗೂ ಸೆಕೆಗೂ ಹಿರಿಯರು ಕಂಡುಕೊಂಡ ಉಪಾಯಗಳು. ಹಗಲಿನಲ್ಲಿ ದೀಪ ಹಚ್ಚದೆ ಓದುವಂತಿರಬೇಕು. ಮಾಡಿನ ನೀರು ಬಾವಿಗೆ ಇಳಿಯಬೇಕು. ಪುಸ್ತಕದ ಕಪಾಟು ಗೋಡೆಯ ತೇವದಿಂದ ಒಂದು ಅಡಿ ದೂರವಿರಬೇಕು.

3. ಖರ್ಚು: ಕಟ್ಟಲು ಒಮ್ಮೆ ಚಂದಾ ಎತ್ತುವುದು ಸುಲಭ, ನಡೆಸುವುದು ಕಷ್ಟ. ನೂರು ಮನೆಗಳು ತಿಂಗಳಿಗೆ ನೂರು ರೂಪಾಯಿ ಕೊಟ್ಟರೆ ವರ್ಷಕ್ಕೆ 1 ಲಕ್ಷ 20 ಸಾವಿರ ರೂಪಾಯಿಯಾಗುತ್ತದೆ. ಅಂಗಡಿಯ ಬಾಡಿಗೆಯಂಥ ಸ್ಥಿರ ಆದಾಯವೊಂದು ಜೊತೆಗಿದ್ದರೆ ಇನ್ನೂ ಉತ್ತಮ. ಲೆಕ್ಕವನ್ನು ವರ್ಷಕ್ಕೊಮ್ಮೆ ಜಮಾತಿನ ಮುಂದೆ ಓದಿ ಹೇಳಬೇಕು. ಚಂದಾ ಕೊಟ್ಟವನು ಪ್ರಶ್ನೆ ಕೇಳುತ್ತಾನೆ, ಪ್ರಶ್ನೆ ಕೇಳುವವನೇ ಸಂಸ್ಥೆಯನ್ನು ಕಾಯುತ್ತಾನೆ.

4. ಭಾಷೆ: ಮನೆಯಲ್ಲಿ ಉರ್ದು, ಬೀದಿಯಲ್ಲಿ ಕೊಂಕಣಿ ಮರಾಠಿ, ಕಚೇರಿಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ನಮ್ಮ ಮಗು ಈ ನಾಲ್ಕರ ನಡುವೆ ಬೆಳೆಯುತ್ತದೆ. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವಾಗ ಪ್ರತಿವರ್ಷ ಕಾಣುವ ಮಾತೆಂದರೆ, ಲೆಕ್ಕ ಬರದೆ ಸೋಲುವ ಮಕ್ಕಳಿಗಿಂತ ಪ್ರಶ್ನೆಯ ಕನ್ನಡ ಅರ್ಥವಾಗದೆ ಸೋಲುವ ಮಕ್ಕಳೇ ಹೆಚ್ಚು. ಉರ್ದುವನ್ನು ಬಿಡಬೇಕಾಗಿಲ್ಲ. ಉರ್ದುವಿನ ಮೂಲಕವೇ ಕನ್ನಡವನ್ನು ಗಟ್ಟಿ ಮಾಡಿಕೊಡಬಹುದು.

5. ಬಾಗಿಲು: ನೆರೆಹೊರೆಯ ಎಲ್ಲ ಮಕ್ಕಳಿಗೂ ಬಾಗಿಲು ತೆರೆದಿರಲಿ. ಹಳಿಯಾಳ ಭಾಗದ ಸಿದ್ದಿ ಮಕ್ಕಳು, ಬೇರೆ ಧರ್ಮದ ಬಡಮಕ್ಕಳು, ದಿನಗೂಲಿಗಳ ಮಕ್ಕಳು ಅಲ್ಲಿ ಕುಳಿತು ಓದಿದರೆ ನಾಳೆ ಆ ಕೇಂದ್ರಕ್ಕೆ ಕಷ್ಟ ಬಂದಾಗ ಇಡೀ ಊರು ಅದರ ಬೆನ್ನಿಗೆ ನಿಲ್ಲುತ್ತದೆ. ಸಮಿತಿಯಲ್ಲಿ ತಾಯಂದಿರೂ ಇರಬೇಕು, ಅಲ್ಲಿಯೇ ಓದಿ ದೊಡ್ಡವರಾದವರೂ ಇರಬೇಕು.

ಗವಾನರಷ್ಟು ಸಂಪತ್ತು ನಮ್ಮಲ್ಲಿ ಯಾರ ಬಳಿಯೂ ಇಲ್ಲ. 130 ಅಡಿ ಮಿನಾರು ಎತ್ತಲು ನಮ್ಮಿಂದಾಗದು, ಅದು ಬೇಕಾಗಿಯೂ ಇಲ್ಲ. ಆದರೆ ಪುಸ್ತಕ ತಮ್ಮದಲ್ಲ, ವಿದ್ಯಾರ್ಥಿಗಳದು ಎಂದ ಅವರ ಮನಸ್ಸು ನಮಗೆ ಸಾಧ್ಯ. ಅದರ ಜೊತೆಗೆ, ಕಟ್ಟಡ ದಾನಿಯದಲ್ಲ, ಮೊಹಲ್ಲಾದ್ದು ಎಂಬ ಭಟ್ಕಳದ ಪಾಠವೂ ಸೇರಿದರೆ ನಾವು ಹಚ್ಚುವ ಸಣ್ಣ ದೀಪವೂ ಬಹುಕಾಲ ಉರಿಯುತ್ತದೆ. ಅಂಜುಮನ್ನಿನ ಸದಸ್ಯರು ಇದನ್ನು ಮುಂದಿನ ಸಭೆಯಲ್ಲಿ ಚರ್ಚಿಸಲಿ. ವಿದ್ಯಾರ್ಥಿಗಳು ರಜೆಯಲ್ಲಿ ಒಮ್ಮೆ ಬೀದರಿಗೆ ಹೋಗಿ, ಆ ಅಂಗಳದಲ್ಲಿ ನಿಂತು, ಉಳಿದಿರುವ ಮಿನಾರನ್ನೂ ಇಲ್ಲದ ಮಿನಾರಿನ ಜಾಗವನ್ನೂ ನೋಡಿ ಬರಲಿ. ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನೂ, ಅದನ್ನು ಕಾಯುವ ಜವಾಬ್ದಾರಿಯನ್ನು ನಮಗೂ ಕರುಣಿಸಲಿ. ಆಮೀನ್.